ಕೀಸ್‌ನ ಎದೆಯುರಿ

ಕಾದಂಬರಿ ಸಿನಿಮಾ ಆದಾಗಲೆಲ್ಲ ನಮ್ಮವರದು ಒಂದೇ ತಕರಾರು: ಪುಸ್ತಕದಲ್ಲಿದ್ದ ಹಾಗಿಲ್ಲ. ಇರಬಾರದು ಎನ್ನುವ ಪೈಕಿ ನಾನು. ಅಪರಾಧ ಕಾದಂಬರಿಯಾದರಂತೂ ಖಂಡಿತ ಇರಬಾರದು. ಸಾಕ್ಷಿ ಬೇಕಿದ್ದರೆ 1944ರ ‘ಡಬಲ್ ಇಂಡೆಮ್ನಿಟಿ’ ನೋಡಿ.

ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲೇ ತಲೆ ನರೆತವನಿಗೆ ಈ ಚಿತ್ರದ ಮೇಲೆ ಪಕ್ಷಪಾತ ಸಹಜ ಅನ್ನಿ. ಲಾಸ್ ಏಂಜಲೀಸ್‌ನ ವಿಮಾ ಏಜೆಂಟ್ ವಾಲ್ಟರ್ ನೆಫ್, ಗಿರಾಕಿಯ ಹೆಂಡತಿ ಫಿಲಿಸ್ ಜತೆ ಸೇರಿ, ಕಾರಿನ ವಿಮೆ ಎಂದು ನಂಬಿಸಿ ಆತನಿಂದ ಅಪಘಾತ ಪಾಲಿಸಿಗೆ ಸಹಿ ಹಾಕಿಸುತ್ತಾನೆ. ಆಮೇಲೆ ಅವನನ್ನು ಕೊಂದು, ರೈಲಿನಿಂದ ಬಿದ್ದು ಸತ್ತ ಹಾಗೆ ತೋರಿಸುತ್ತಾನೆ. ರೈಲಿನಲ್ಲಿ ಸತ್ತರೆ ದುಪ್ಪಟ್ಟು ಹಣ. ನಮ್ಮ ‘ಡಬಲ್ ಆಕ್ಸಿಡೆಂಟ್ ಬೆನಿಫಿಟ್’ನ ದೂರದ ನೆಂಟ.

1927ರಲ್ಲಿ ನ್ಯೂಯಾರ್ಕ್‌ನಲ್ಲಿ ರೂತ್ ಸ್ನೈಡರ್ ಎಂಬಾಕೆ ವಿಮೆ ಮಾಡಿಸಿ, ಪ್ರಿಯಕರನ ಜತೆ ಸೇರಿ ಗಂಡನನ್ನು ಕೊಂದಿದ್ದಳು. ಈ ಸಿನಿಮಾಕ್ಕೆ ಆಧಾರವಾದ ಜೇಮ್ಸ್ ಎಂ. ಕೇನ್ ಕಾದಂಬರಿಯ ಬೇರು ಅದು. ನಿರ್ದೇಶಕ ಬಿಲ್ಲಿ ವೈಲ್ಡರ್‌ಗೆ ಕೇನ್‌ನ ಸಂಭಾಷಣೆಯನ್ನು ಹಾಗೇ ಎತ್ತಿಕೊಳ್ಳುವ ಆಸೆ. ಜತೆಗೆ ಚಿತ್ರಕಥೆ ಬರೆಯುತ್ತಿದ್ದ ರೇಮಂಡ್ ಚಾಂಡ್ಲರ್ ಒಪ್ಪಲಿಲ್ಲ. ಅದು ಕಣ್ಣಿಗಾಗಿ ಬರೆದ ಮಾತು, ಬಾಯಿಗಲ್ಲ ಎಂಬುದು ಅವನ ವಾದ. ನಟರ ಕೈಲಿ ಓದಿಸಿದರೆ ಸಪ್ಪೆ! ಕೊನೆಗೆ ಕೇನ್ ಕೂಡ ಚಾಂಡ್ಲರ್ ಪಕ್ಷವನ್ನೇ ಹಿಡಿದ.

ಪುಸ್ತಕದ ಕೊನೆಯಲ್ಲಿ ಪ್ರೇಮಿಗಳಿಬ್ಬರೂ ಹಡಗಿನಿಂದ ಕಡಲಿಗೆ ಹಾರಲು ತಯಾರಾಗುತ್ತಾರೆ. ಸಿನಿಮಾದಲ್ಲಿ ಗುಂಡೇಟು ತಿಂದ ನೆಫ್ ರಾತ್ರಿ ಕಚೇರಿಗೆ ಬಂದು, ನಡೆದದ್ದನ್ನೆಲ್ಲ ಡಿಕ್ಟಾಫೋನಿಗೆ ಹೇಳುತ್ತಾನೆ. ಯಾರಿಗಾಗಿ? ಕ್ಲೇಮ್ ಮ್ಯಾನೇಜರ್ ಬಾರ್ಟನ್ ಕೀಸ್‌ಗಾಗಿ. ಅಲ್ಲಿಗೆ ಫಿಲಿಸ್ ಹಿಂದೆ ಸರಿದು, ಒಂದೇ ಕಚೇರಿಯ ಇಬ್ಬರು ಗಂಡಸರ ಸ್ನೇಹ ಮುಂದೆ ಬರುತ್ತದೆ. ಇಡೀ ಚಿತ್ರದಲ್ಲಿ ಕೀಸ್‌ನ ಚುಟ್ಟಾಕ್ಕೆ ಕಡ್ಡಿ ಗೀರುವವನು ನೆಫ್. ಕೊನೆಗೊಮ್ಮೆ ಕೀಸ್ ಅವನಿಗೆ ಗೀರುತ್ತಾನೆ. ನೆಫ್‌ನನ್ನು ಗ್ಯಾಸ್ ಚೇಂಬರಿನಲ್ಲಿ ಕೊಲ್ಲುವ ದೃಶ್ಯವನ್ನೂ ಚಿತ್ರಿಸಿದ್ದ ವೈಲ್ಡರ್ ಅದನ್ನು ಕಿತ್ತುಹಾಕಿದ. ಜಾಣ.

ಕೀಸ್ ಪಾತ್ರದಲ್ಲಿ ಎಡ್ವರ್ಡ್ ಜಿ. ರಾಬಿನ್ಸನ್. ಸುಳ್ಳು ಕ್ಲೇಮ್ ಬಂದರೆ ಅವನೊಳಗಿನ ‘ಪುಟ್ಟ ಮನುಷ್ಯ’ ಅನ್ನ ಇಳಿಯಲು ಬಿಡುವುದಿಲ್ಲ. ಮೇಲಧಿಕಾರಿ ಆ ಗಿರಾಕಿಯದು ಆತ್ಮಹತ್ಯೆ ಎಂದಾಗ, ವೃತ್ತಿ, ಋತು, ಹೊತ್ತು, ವಿಷ, ಎತ್ತರ ಎಂದು ಆತ್ಮಹತ್ಯೆಯ ಅಂಕಿಅಂಶಗಳ ವಿಂಗಡಣೆಯನ್ನೇ ಒಂದೇ ಉಸಿರಿಗೆ ಒಪ್ಪಿಸುತ್ತಾನೆ. ನಿಧಾನ ಹೋಗುವ ರೈಲಿನ ಹಿಂಬದಿಯಿಂದ ಹಾರಿ ಸತ್ತವರು ಅದರಲ್ಲಿ ಒಬ್ಬರೂ ಇಲ್ಲ. ಆಮೇಲೆ ಅಸಲಿ ಪ್ರಶ್ನೆ: ಸಾಯುವ ಮುಂಚೆ ಕಾಲು ಮುರಿದುಕೊಂಡಿದ್ದ ಗಿರಾಕಿ ಆಗಲೇ ಕ್ಲೇಮ್ ಯಾಕೆ ಹಾಕಲಿಲ್ಲ? ಪಾಲಿಸಿ ಇರುವುದೇ ಅವನಿಗೆ ಗೊತ್ತಿರಲಿಲ್ಲ! ಪಾಲಿಸಿ ಮಾಡಿಸಿದ ಸ್ವಲ್ಪ ಕಾಲದಲ್ಲೇ ಬರುವ ‘ಅರ್ಲಿ ಕ್ಲೇಮ್’ ಫೈಲುಗಳನ್ನು ಮಗುಚಿ ಹಾಕಿದವರಿಗೆ ಈ ದೃಶ್ಯದ ರುಚಿ ಗೊತ್ತು. ಆ ಎದೆಯುರಿ ನಮ್ಮಲ್ಲೂ ಕೆಲವರಿಗಿತ್ತು, ಕ್ಯಾಂಟೀನ್ ಕಾಫಿಯದೂ ಇದ್ದೀತು.

1973ರಲ್ಲಿ ವೈಲ್ಡರ್-ಚಾಂಡ್ಲರ್ ಚಿತ್ರಕಥೆಯನ್ನೇ ಇಟ್ಟುಕೊಂಡು ಅಮೆರಿಕದ ಟಿವಿಗೆ ಇದನ್ನು ಮತ್ತೆ ತೆಗೆದರು. ಬಣ್ಣವೂ ಬಂತು. ಆದರೆ ಈ ಸಲ ಯಾರಿಗೂ ಯಾರ ಜತೆಗೂ ಜಗಳವಾಡುವ ಕೆಲಸ ಇರಲಿಲ್ಲ, ಎಲ್ಲ ಸಿದ್ಧವಾಗಿಯೇ ಸಿಕ್ಕಿತ್ತು. ನನಗೆ ಅರ್ಧಕ್ಕೇ ಆಕಳಿಕೆ ಬಂತು.