ಒದ್ದೆ ನೆಲಕ್ಕೆ ಹೊಣೆ ಯಾರು?
ಮಾಲ್‌ನಲ್ಲೋ ಆಸ್ಪತ್ರೆಯಲ್ಲೋ ಒದ್ದೆ ನೆಲದ ಮೇಲೆ ಜಾರಿ ಬಿದ್ದವರಿಗೆ ಮೊದಲು ಸಿಗುವುದು ‘ನೋಡಿಕೊಂಡು ನಡೆಯಬಾರದಿತ್ತೇ’ ಎಂಬ ಮಾತು. ಇದು ಅನ್ಯಾಯ. 1970ರ ದಶಕದಲ್ಲಿ ಲಿವರ್‌ಪೂಲ್‌ನ ಟೆಸ್ಕೊ ಮಳಿಗೆಯಲ್ಲಿ ಚೆಲ್ಲಿದ್ದ ಮೊಸರಿನ ಮೇಲೆ ಗ್ರಾಹಕಿಯೊಬ್ಬರು ಜಾರಿಬಿದ್ದರು. ಅದು ಯಾವಾಗ ಚೆಲ್ಲಿತೆಂದು ಆಕೆ ಹೇಗೆ ತಾನೇ ಸಾಬೀತುಪಡಿಸಿಯಾರು? ತಕ್ಕ ಎಚ್ಚರ ವಹಿಸಿದ್ದೆವೆಂದು ಮಳಿಗೆಯೇ ತೋರಿಸಲಿ ಎಂದಿತು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ.

ಕಟ್ಟಡಕ್ಕೆ ಬರುವವರ ಸುರಕ್ಷತೆಯ ಹೊಣೆ ನಿಗದಿಪಡಿಸುವ ಕಾಯ್ದೆ ಆ ದೇಶದಲ್ಲಿ 1957ರಿಂದಲೇ ಇದೆ, ನಮ್ಮಲ್ಲಿ ಅಂಥದ್ದಿಲ್ಲ. ಹಣ ತೆತ್ತು ಸೇವೆ ಪಡೆದವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ದೂರಬಹುದು. ಉಳಿದವರಿಗೆ ಸಿವಿಲ್ ದಾವೆಯೇ ಗತಿ. ಸಂಸತ್ತು ಸ್ಪಷ್ಟ ಕಾನೂನು ತರಬೇಕು. ಸಿಸಿಟಿವಿ ದೃಶ್ಯ, ಸ್ವಚ್ಛತಾ ದಾಖಲೆಗಳನ್ನು ಗಾಯಾಳುವಿಗೆ ಒದಗಿಸುವುದನ್ನು ಅದು ಮಾಲೀಕರಿಗೆ ಕಡ್ಡಾಯಗೊಳಿಸಲಿ.