ರಾತ್ರಿ ಬೆವರು: ಎಲ್ಲದಕ್ಕೂ ‘ಉಷ್ಣ’ವೇ ಕಾರಣವೇ?

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಕಡೆ ಬೇಸಿಗೆಯಲ್ಲಿ ರಾತ್ರಿ ಬೆವರುವುದನ್ನು ಯಾರೂ ಕಾಯಿಲೆ ಎಂದುಕೊಳ್ಳುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹಗಲಿನ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಊರುಗಳಿವು. ಬೆಳಗಿನ ಜಾವ ಬನಿಯನ್ ಒದ್ದೆಯಾಗಿದ್ದರೆ “ಉಷ್ಣ ಆಗೈತೆ, ಮಜ್ಜಿಗೆ ಕುಡಿ” ಎಂಬುದೇ ಮನೆಯಲ್ಲಿ ಸಿಗುವ ಮೊದಲ ಸಲಹೆ. ಬಹಳ ಸಲ ಅಷ್ಟೇ ಸಾಕಾಗುತ್ತದೆ ಕೂಡ. ಆದರೆ ಡಿಸೆಂಬರ್ ಚಳಿಯಲ್ಲೂ ಹೊದಿಕೆ ತೊಯ್ಯುತ್ತಿದ್ದರೆ, ಆಗಲೂ ಉತ್ತರ ‘ಉಷ್ಣ’ವೇ ಆಗಿದ್ದರೆ, ಆ ಒಂದು ಪದ ವೈದ್ಯರ ಬಳಿ ಹೋಗುವುದನ್ನು ವಾರಗಟ್ಟಲೆ ಮುಂದೂಡಬಲ್ಲದು.

ರಾತ್ರಿ ಬೆವರಿಗೆ ಇರುವ ಕಾರಣಗಳು ಯಾವುವು, ಯಾವುದನ್ನು ಬಿಟ್ಟುಬಿಡಬಹುದು, ಯಾವುದನ್ನು ಬಿಡಬಾರದು ಎಂಬುದನ್ನು ಈ ಬರಹದಲ್ಲಿ ನೋಡೋಣ.

ದೇಹ ಬೆವರುವುದೇಕೆ?

ಮೆದುಳಿನ ಹೈಪೋಥಲಾಮಸ್ ಎಂಬ ಪುಟ್ಟ ಭಾಗ ನಮ್ಮ ದೇಹದ ತಾಪವನ್ನು ಕಾಯುತ್ತದೆ. ಇಸ್ತ್ರಿ ಪೆಟ್ಟಿಗೆ ನಿಗದಿತ ಬಿಸಿ ಮುಟ್ಟಿದ ಕೂಡಲೇ ತಾನಾಗಿಯೇ ಆರುತ್ತದಲ್ಲ, ಸುಮಾರು ಹಾಗೆಯೇ ಇದರ ಕೆಲಸ. ತಾಪ ಮಿತಿ ಮೀರಿದರೆ ಇದು ಚರ್ಮದಲ್ಲಿರುವ ಲಕ್ಷಾಂತರ ಬೆವರು ಗ್ರಂಥಿಗಳಿಗೆ ಸೂಚನೆ ಕಳಿಸುತ್ತದೆ. ಬೆವರು ಆವಿಯಾಗುವಾಗ ಚರ್ಮದ ಬಿಸಿಯನ್ನು ಹೊತ್ತೊಯ್ಯುತ್ತದೆ. ತಂಪು ಮಾಡುವುದು ಬೆವರು ಸುರಿಯುವುದಲ್ಲ, ಅದು ಆರುವುದು ಎಂಬುದನ್ನು ನೆನಪಿಡಬೇಕು.

ನಿದ್ದೆಗೆ ಜಾರುವಾಗ ದೇಹದ ಒಳತಾಪ ಸಹಜವಾಗಿಯೇ ಸ್ವಲ್ಪ ಇಳಿಯುತ್ತದೆ. ಆ ಹೆಚ್ಚಿನ ಬಿಸಿಯನ್ನು ದೇಹ ಚರ್ಮದ ಮೂಲಕ ಹೊರಹಾಕುತ್ತದೆ. ಆದ್ದರಿಂದ ರಾತ್ರಿ ಒಂದಿಷ್ಟು ಬೆವರುವುದು ರೋಗವಲ್ಲ, ದೇಹದ ಲೆಕ್ಕಾಚಾರ.

ಊರಿನ ಸೆಕೆಯ ಪಾಲು ಎಷ್ಟು?

ಹಂಪಿ ಸುತ್ತಲಿನ ಕಲ್ಲುಬಂಡೆಗಳ ಮೇಲೆ ಸೂರ್ಯ ಮುಳುಗಿದ ಮೇಲೆ ಕೈಯಿಟ್ಟವರಿಗೆ ಗೊತ್ತು, ಅವು ಹಗಲಿನ ಬಿಸಿಯನ್ನು ಬಹಳ ಹೊತ್ತು ಹಿಡಿದಿಟ್ಟಿರುತ್ತವೆ. ಆರ್‌ಸಿಸಿ ಚಾವಣಿಯೂ ಹಾಗೆಯೇ. ಹಗಲು ಕಾದ ತಾರಸಿ ರಾತ್ರಿಯಿಡೀ ಕೋಣೆಯೊಳಕ್ಕೆ ಬಿಸಿ ಇಳಿಸುತ್ತದೆ. ತುಂಗಭದ್ರಾ ಕಾಲುವೆಯ ನೀರು ಹರಿದು ಭತ್ತ, ಕಬ್ಬು, ಬಾಳೆ ಬೆಳೆಯುವ ಕಡೆ ಗಾಳಿಯಲ್ಲಿ ತೇವವೂ ಸೇರುತ್ತದೆ. ತೇವ ಹೆಚ್ಚಿದಷ್ಟೂ ಬೆವರು ಆರುವುದು ನಿಧಾನ. ಅದರ ಮೇಲೆ ಫೋಮ್ ಹಾಸಿಗೆ, ಪಾಲಿಯೆಸ್ಟರ್ ಬೆಡ್‌ಶೀಟ್, ಸೊಳ್ಳೆಗೆ ಹೆದರಿ ಮುಚ್ಚಿದ ಕಿಟಕಿ ಸೇರಿದರೆ ಆರೋಗ್ಯವಂತರೂ ತೊಯ್ದು ಏಳುತ್ತಾರೆ. ಗಣಿ, ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರ ಪಾಡು ಇನ್ನೂ ಕಷ್ಟ.

ಹಾಗಾದರೆ ಸೆಕೆಯ ಬೆವರನ್ನೂ ಕಾಯಿಲೆಯ ಬೆವರನ್ನೂ ಬೇರ್ಪಡಿಸುವುದು ಹೇಗೆ? ಮಲಗುವ ಕೋಣೆ ತಂಪಾಗಿದ್ದರೂ ಬಟ್ಟೆ ಅಥವಾ ಹಾಸಿಗೆಯ ಹೊದಿಕೆ ಬದಲಿಸಬೇಕಾಗುವಷ್ಟು ಬೆವರಿದರೆ ವೈದ್ಯರು ಅದನ್ನು ಗಂಭೀರವಾಗಿ ನೋಡುತ್ತಾರೆ. ಮನೆಯಲ್ಲೇ ಮೂರು ಪ್ರಶ್ನೆ ಕೇಳಿಕೊಳ್ಳಬಹುದು. ಅದೇ ಕೋಣೆಯಲ್ಲಿ ಮಲಗಿದ ಉಳಿದವರೂ ಹೀಗೆ ಬೆವರುತ್ತಾರೆಯೇ? ತಾರಸಿಯ ಮೇಲೆ ಅಥವಾ ಫ್ಯಾನ್ ಕೆಳಗೆ ತೆಳು ಹತ್ತಿಬಟ್ಟೆಯಲ್ಲಿ ಮಲಗಿದರೆ ಕಡಿಮೆಯಾಗುತ್ತದೆಯೇ? ಚಳಿಗಾಲದಲ್ಲಿ ನಿಲ್ಲುತ್ತದೆಯೇ? ಮೂರಕ್ಕೂ ‘ಹೌದು’ ಎಂದಾದರೆ ಹೆಚ್ಚಾಗಿ ಸೆಕೆಯೇ ಕಾರಣ. ‘ಇಲ್ಲ’ ಎಂಬ ಉತ್ತರ ಬಂದರೆ ಮುಂದೆ ಓದಿ.

ಹಾಗೆಂದು ಗಾಬರಿ ಬೇಡ. 2002ರಲ್ಲಿ ಅಮೆರಿಕದಲ್ಲಿ ಕುಟುಂಬ ವೈದ್ಯರ ಬಳಿ ಬಂದ 2,267 ರೋಗಿಗಳ ಅಧ್ಯಯನವೊಂದು ಪ್ರಕಟವಾಯಿತು. ಹಿಂದಿನ ಒಂದು ತಿಂಗಳಲ್ಲಿ ರಾತ್ರಿ ಬೆವರಿದ್ದಾಗಿ ಹೇಳಿದವರು ಅವರಲ್ಲಿ ಶೇ. 41. ಇಷ್ಟು ಮಂದಿಗೆ ಇರುವ ಲಕ್ಷಣ ಹೆಚ್ಚಿನವರಲ್ಲಿ ದೊಡ್ಡ ರೋಗದ ಗುರುತಾಗಿರಲು ಸಾಧ್ಯವಿಲ್ಲ. ಬೆವರೊಂದೇ ಇದ್ದರೆ ಚಿಂತೆ ಕಡಿಮೆ, ಅದರ ಜೊತೆಗೆ ಏನಿದೆ ಎಂಬುದೇ ಮುಖ್ಯ.

ಹಾರ್ಮೋನುಗಳ ಆಟ

ಮುಟ್ಟು ನಿಲ್ಲುವ ವಯಸ್ಸಿನ ಮಹಿಳೆಯರಲ್ಲಿ ರಾತ್ರಿ ಬೆವರು ತೀರಾ ಸಾಮಾನ್ಯ. ಈಸ್ಟ್ರೋಜೆನ್ ಇಳಿಯುತ್ತಿದ್ದಂತೆ ಹೈಪೋಥಲಾಮಸ್ ಅತಿಸೂಕ್ಷ್ಮವಾಗುತ್ತದೆ. ಕೊಂಚ ಬಿಸಿ ಏರಿದರೂ ಬೆಂಕಿ ಬಿದ್ದಂತೆ ಬೆವರಿಳಿಸುತ್ತದೆ. ಎದೆ, ಕುತ್ತಿಗೆ, ಮುಖಕ್ಕೆ ಝಳ ಏರುವುದು, ಬೆವರಿ ಆಮೇಲೆ ನಡುಗುವುದು ಇದರ ಲಕ್ಷಣ. “ಹೆಂಗಸರಿಗೆ ಇದೆಲ್ಲ ಇದ್ದದ್ದೇ” ಎಂದು ಸುಮ್ಮನಾಗಬೇಕಿಲ್ಲ. ನಿದ್ದೆ ಕೆಡುತ್ತಿದ್ದರೆ ಸ್ತ್ರೀರೋಗ ತಜ್ಞರಲ್ಲಿ ಚಿಕಿತ್ಸೆ ಇದೆ.

ಬಾಣಂತಿಯರ ಬೆವರೂ ಇದೇ ಬಗೆಯದು. ಹೆರಿಗೆಯಾದ ಕೂಡಲೇ ಈಸ್ಟ್ರೋಜೆನ್ ಕುಸಿಯುತ್ತದೆ, ಗರ್ಭಿಣಿಯಾಗಿದ್ದಾಗ ದೇಹದಲ್ಲಿ ಸೇರಿದ್ದ ಹೆಚ್ಚುವರಿ ನೀರೂ ಹೊರಹೋಗುತ್ತದೆ. ಮೊದಲ ಕೆಲವು ವಾರ ಹೀಗಾಗುವುದು ಸಹಜ. ನಮ್ಮಲ್ಲಿ ಕಿಟಕಿ ಮುಚ್ಚಿ, ಕಿವಿಗೆ ಬಟ್ಟೆ ಕಟ್ಟಿ, ಕೆಂಡದ ಶಾಖ ಕೊಟ್ಟು, “ಬೆವರು ಹೋದಷ್ಟೂ ಒಳ್ಳೆಯದು” ಎನ್ನುವ ರೂಢಿಯಿದೆ. ಇದರಲ್ಲಿ ಎರಡು ತೊಂದರೆ. ಬೇಸಿಗೆಯಲ್ಲಿ ಬಾಣಂತಿಯ ದೇಹದ ನೀರು ಬತ್ತುತ್ತದೆ, ಮತ್ತು ನಿಜವಾದ ಜ್ವರ ಬಂದರೂ ಗೊತ್ತಾಗುವುದಿಲ್ಲ. ಬಾಣಂತಿಗೆ 100.4 ಡಿಗ್ರಿ ಫ್ಯಾರನ್‌ಹೀಟ್‌ ಅಥವಾ ಅದಕ್ಕಿಂತ ಹೆಚ್ಚು ಜ್ವರ, ಕಿಬ್ಬೊಟ್ಟೆ ನೋವು, ವಾಸನೆಯ ಸ್ರಾವ ಇದ್ದರೆ ಅದು ಗರ್ಭಕೋಶದ ಸೋಂಕಾಗಿರಬಹುದು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೂ ಬೆವರು ಹೆಚ್ಚುತ್ತದೆ. ಚೆನ್ನಾಗಿ ಉಂಡರೂ ತೂಕ ಇಳಿಯುವುದು, ಕೈ ನಡುಗುವುದು, ಎದೆ ಡವಡವ ಎನ್ನುವುದು ಇದ್ದರೆ ಒಂದು ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ.

ಮಾತ್ರೆ, ಸಕ್ಕರೆ, ಸಾರಾಯಿ

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ರಾತ್ರಿ ಬೆವರಿ ಎದ್ದರೆ ಎಚ್ಚರವಹಿಸಬೇಕು. ರಾತ್ರಿ ಊಟ ಬಿಟ್ಟು ಮಾತ್ರೆ ಮಾತ್ರ ನುಂಗಿದ್ದರೆ ರಕ್ತದ ಸಕ್ಕರೆ ಕುಸಿದಿರಬಹುದು. ತಣ್ಣನೆ ಬೆವರು, ನಡುಕ, ವಿಪರೀತ ಹಸಿವು, ಗೊಂದಲ ಇದರ ಗುರುತು. ಗ್ಲುಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಯಬೇಕು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, 108ಕ್ಕೆ ಕರೆ ಮಾಡಬೇಕು. ಇದು ಮರುಕಳಿಸುತ್ತಿದ್ದರೆ ಮಾತ್ರೆಯ ಪ್ರಮಾಣವನ್ನು ವೈದ್ಯರೇ ಬದಲಿಸಬೇಕು.

ಖಿನ್ನತೆಗೆ ಕೊಡುವ ಕೆಲವು ಮಾತ್ರೆ, ಸ್ಟಿರಾಯ್ಡ್, ಜ್ವರ ಇಳಿಸುವ ಪ್ಯಾರಾಸಿಟಮಾಲ್ ಕೂಡ ಬೆವರಿಸುತ್ತವೆ. ದಿನವೂ ಕುಡಿಯುವವರು ಒಮ್ಮೆಲೇ ಬಿಟ್ಟಾಗ ಬೆವರು, ನಡುಕ ಬರುತ್ತದೆ. ಇದು ಅಪಾಯದ ಮಟ್ಟಕ್ಕೂ ಹೋಗಬಹುದು, ಹಾಗಾಗಿ ವೈದ್ಯರ ನೆರವಿನಿಂದ ಬಿಡುವುದು ಒಳ್ಳೆಯದು. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ಕಟ್ಟಿ ಏಳುವವರಲ್ಲೂ ರಾತ್ರಿ ಬೆವರು ಕಾಣುತ್ತದೆ.

ಸೋಂಕು: ಸಂಜೆ ಜ್ವರ, ರಾತ್ರಿ ಬೆವರು

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ದೇಶದಲ್ಲಿ ವಾರಗಟ್ಟಲೆ ರಾತ್ರಿ ಬೆವರಿದರೆ ಮೊದಲು ನೆನಪಾಗಬೇಕಾದದ್ದು ಕ್ಷಯ, ಅಂದರೆ ಟಿಬಿ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ ಜಗತ್ತಿನ ಕ್ಷಯರೋಗಿಗಳಲ್ಲಿ ಶೇ. 26ರಷ್ಟು ಮಂದಿ ಭಾರತದವರು.

ಕ್ಷಯದಲ್ಲಿ ರಾತ್ರಿಯೇ ಏಕೆ ಬೆವರು? ರೋಗಾಣುವಿನೊಡನೆ ಕಾದಾಡುವ ರಕ್ಷಣಾ ಕೋಶಗಳು ಕೆಲವು ರಾಸಾಯನಿಕಗಳನ್ನು ಬಿಡುತ್ತವೆ. ಅವು ಹೈಪೋಥಲಾಮಸ್‌ನ ಮಿತಿಯನ್ನು ಮೇಲಕ್ಕೇರಿಸುತ್ತವೆ. ದೇಹದ ತಾಪ ಸಂಜೆ ಸಹಜವಾಗಿಯೇ ಹೆಚ್ಚು, ಅದರ ಮೇಲೆ ಇದೂ ಸೇರಿ ಸಣ್ಣ ಜ್ವರ ಕಾಣಿಸಿಕೊಳ್ಳುತ್ತದೆ. ರಾತ್ರಿ ಮಿತಿ ಕೆಳಗಿಳಿದಾಗ ಹೆಚ್ಚಾದ ಬಿಸಿಯನ್ನು ಕಳೆಯಲು ದೇಹ ಬೆವರುತ್ತದೆ. ಬೆಳಿಗ್ಗೆ ಮೈ ಹಗುರ. “ಬೆವರು ಬಿಡ್ತು, ಜ್ವರ ಹೋಯ್ತು” ಎಂದು ಕೆಲಸಕ್ಕೆ ಹೋಗುತ್ತೇವೆ. ಇಳಿದದ್ದು ಆ ದಿನದ ಜ್ವರ, ರೋಗ ಇದ್ದಲ್ಲೇ ಇದೆ. ಸಂಜೆಗೆ ಮತ್ತೆ ಅದೇ ಕಥೆ.

ಕಲ್ಲಿನ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಹಾನಿ ಮಾಡಿ ಕ್ಷಯಕ್ಕೆ ದಾರಿ ಮಾಡಿಕೊಡುತ್ತದೆ. ಗಣಿ, ಕ್ವಾರಿ, ಕ್ರಷರ್‌ಗಳಲ್ಲಿ ದುಡಿದವರು ವೈದ್ಯರಿಗೆ ಇದನ್ನು ಹೇಳಲೇಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಕ್ಷಯದ ಅಪಾಯ ಎರಡರಿಂದ ಮೂರು ಪಟ್ಟು ಹೆಚ್ಚು. ಎಚ್‌ಐವಿ ಇದ್ದವರಿಗೆ ಅದಕ್ಕಿಂತಲೂ ಬಹಳ ಹೆಚ್ಚು.

ಬೇರೆ ಸೋಂಕುಗಳೂ ಇವೆ. ಚಳಿ, ಜ್ವರ, ಆಮೇಲೆ ಬೆವರು ಎಂಬ ಸರದಿ ಮಲೇರಿಯಾದ್ದು. ಕುರಿ, ಮೇಕೆ, ದನ ಸಾಕುವವರಲ್ಲಿ ಬ್ರುಸೆಲ್ಲೋಸಿಸ್ ಎಂಬ ಜ್ವರವಿದೆ. ಡೇವಿಡ್ ಬ್ರೂಸ್ ಎಂಬ ವೈದ್ಯ 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಇದರ ರೋಗಾಣುವನ್ನು ಗುರುತಿಸಿದ. ಕಾಯಿಸದ ಹಾಲು ಕುಡಿಯುವುದರಿಂದ, ಕಂದು ಹಾಕಿದ ಕುರಿಯ ಮಾಸನ್ನು ಬರಿಗೈಯಲ್ಲಿ ಮುಟ್ಟುವುದರಿಂದ ಇದು ಬರುತ್ತದೆ. ಬಂದು ಬಂದು ಹೋಗುವ ಜ್ವರ, ಕೀಲುನೋವು, ರಾತ್ರಿ ಬೆವರು ಇದರ ಲಕ್ಷಣ. ಮನೆಯಲ್ಲಿ ಕುರಿ ಇದೆ ಎಂದು ಹೇಳದಿದ್ದರೆ ವೈದ್ಯರಿಗೂ ಇದು ಹೊಳೆಯುವುದು ಕಷ್ಟ.

ಸೋಂಕಲ್ಲದ ಇನ್ನೊಂದು ಕಾರಣ ಲಿಂಫೋಮಾ ಎಂಬ ಕ್ಯಾನ್ಸರ್. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ನೋವಿಲ್ಲದ ಗಂಟು, ಜ್ವರ, ಬಟ್ಟೆ ತೊಯ್ಯುವಷ್ಟು ಬೆವರು, ಆರು ತಿಂಗಳಲ್ಲಿ ತೂಕ ಶೇ. 10ಕ್ಕಿಂತ ಹೆಚ್ಚು ಇಳಿಯುವುದು ಇದರ ಸುಳಿವುಗಳು. ಇದು ಅಪರೂಪ. ಕುತ್ತಿಗೆಯ ಗಂಟು ಕ್ಷಯದ್ದೂ ಆಗಿರಬಹುದು. ಎರಡನ್ನೂ ಪರೀಕ್ಷೆ ಮಾಡಿಯೇ ತಿಳಿಯಬೇಕು.

ತಡವಾಗುವುದು ಎಲ್ಲಿ?

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಯವರಿಗೆ ಕ್ಷಯದ ಲಕ್ಷಣ ಗೊತ್ತಾಗುವುದಿಲ್ಲ, ಗೊತ್ತಾದರೂ ಆಸ್ಪತ್ರೆಗೆ ಬರುವುದಿಲ್ಲ ಎಂಬ ಆಗಿನ ನಂಬಿಕೆಯನ್ನು ಅದು ಸುಳ್ಳಾಗಿಸಿತು. ರೋಗಿಗಳಲ್ಲಿ ಬಹುತೇಕರಿಗೆ ತಮ್ಮ ಲಕ್ಷಣಗಳ ಅರಿವಿತ್ತು, ಅರ್ಧಕ್ಕೂ ಹೆಚ್ಚು ಮಂದಿ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಆದರೆ ಅವರಲ್ಲಿ ಬಹಳಷ್ಟು ಮಂದಿಗೆ ಸಿಕ್ಕಿದ್ದು ಕಫ ಪರೀಕ್ಷೆಯಲ್ಲ, ಕೆಮ್ಮಿನ ಔಷಧದ ಬಾಟಲಿ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆ ಇನ್ನೊಂದು ಮುಖವನ್ನು ತೋರಿಸಿತು. ಕ್ಷಯದ ಲಕ್ಷಣ ಇದ್ದವರಲ್ಲಿ ಸುಮಾರು ಶೇ. 64 ಮಂದಿ ಎಲ್ಲಿಯೂ ಚಿಕಿತ್ಸೆಗೆ ಹೋಗಿರಲಿಲ್ಲ. ಅವರಲ್ಲಿ ಶೇ. 68 ಮಂದಿ ಕೊಟ್ಟ ಕಾರಣ, ಲಕ್ಷಣಗಳನ್ನು ಕಡೆಗಣಿಸಿದ್ದು. ದುಡ್ಡಿಲ್ಲ ಎಂದವರು ತೀರಾ ಕಡಿಮೆ.

ಎರಡು ಅಧ್ಯಯನಗಳ ವಿಧಾನ ಬೇರೆ, ಹಾಗಾಗಿ ಅಂಕಿಗಳನ್ನು ನೇರವಾಗಿ ಹೋಲಿಸುವುದು ಸರಿಯಲ್ಲ. ಆದರೂ ಎರಡೂ ಸೇರಿ ಒಂದು ಮಾತು ಹೇಳುತ್ತವೆ. ರೋಗಿ ಹೋಗದಿದ್ದರೂ ತಡ, ಹೋದಾಗ ಸರಿಯಾದ ಪರೀಕ್ಷೆ ಆಗದಿದ್ದರೂ ತಡ. ‘ಉಷ್ಣ’ ಎಂಬುದು ಮೈಗೆ ಅನಿಸುವುದನ್ನು ಹೇಳುವ ಒಳ್ಳೆಯ ಪದವೇ. ಅದು ಕಾರಣವನ್ನು ಹೇಳುವುದಿಲ್ಲ, ಅಷ್ಟೇ.

ಇದೇ ಸಮೀಕ್ಷೆ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ತಿದ್ದಿತು. ಪತ್ತೆಯಾದ ಶ್ವಾಸಕೋಶದ ಕ್ಷಯದಲ್ಲಿ ಶೇ. 40ಕ್ಕೂ ಹೆಚ್ಚು ಪ್ರಕರಣಗಳು ಎದೆಯ ಎಕ್ಸ್‌-ರೇ ಇಲ್ಲದಿದ್ದರೆ ತಪ್ಪಿಹೋಗುತ್ತಿದ್ದವು. “ಕೆಮ್ಮಿಲ್ಲ, ಹಾಗಾಗಿ ಟಿಬಿ ಅಲ್ಲ” ಎಂಬ ಮಾತಿಗೆ ಆಧಾರವಿಲ್ಲ. ಹಾಗೆಯೇ “ಬೆವರಿದರೆ ದೇಹದ ವಿಷ ಹೋಗುತ್ತದೆ” ಎಂಬುದೂ ತಪ್ಪು. ಬೆವರಿನ ಬಹುಪಾಲು ನೀರು, ಒಂದಿಷ್ಟು ಉಪ್ಪು. ಕಶ್ಮಲ ಹೊರಹಾಕುವ ಕೆಲಸ ಮೂತ್ರಪಿಂಡ ಮತ್ತು ಯಕೃತ್ತಿನದು.

ಯಾವಾಗ ವೈದ್ಯರನ್ನು ಕಾಣಬೇಕು?

ತಡಮಾಡದೆ ಪರೀಕ್ಷೆ ಮಾಡಿಸಿಕೊಳ್ಳಬೇಕಾದ ಸಂದರ್ಭಗಳು:

- ತಂಪು ಕೋಣೆಯಲ್ಲೂ ಬಟ್ಟೆ ತೊಯ್ಯುವಷ್ಟು ಬೆವರು ಎರಡು ವಾರ ದಾಟಿದರೆ
- ಜೊತೆಗೆ ಎರಡು ವಾರದಿಂದ ಕೆಮ್ಮು ಅಥವಾ ಸಂಜೆ ಜ್ವರ, ಕಫದಲ್ಲಿ ರಕ್ತ
- ಕಾರಣವಿಲ್ಲದೆ ತೂಕ ಇಳಿಕೆ, ಊಟ ಸೇರದಿರುವುದು
- ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಗಂಟು
- ಮನೆಯಲ್ಲಿ ಯಾರಿಗಾದರೂ ಕ್ಷಯ ಇದ್ದರೆ ಅಥವಾ ಇತ್ತೀಚೆಗೆ ಬಂದಿದ್ದರೆ
- ಹೊಸ ಮಾತ್ರೆ ಶುರುವಾದ ಮೇಲೆ ಬೆವರು ಹೆಚ್ಚಿದರೆ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ

ಎದೆ ನೋವು ಅಥವಾ ಉಸಿರಾಟದ ತೊಂದರೆಯೊಡನೆ ಹಠಾತ್ತನೆ ತಣ್ಣನೆ ಬೆವರು ಬಂದರೆ ಬೆಳಗಾಗಲಿ ಎಂದು ಕಾಯಬಾರದು. ಅದು ಹೃದಯಾಘಾತವಾಗಿರಬಹುದು, ಕೂಡಲೇ 108ಕ್ಕೆ ಕರೆ ಮಾಡಿ.

2021ರಿಂದ ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಯಲ್ಲಿವೆ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿವೆ. ಜಿಲ್ಲೆ ಯಾವುದಾದರೂ ಸರ್ಕಾರಿ ವ್ಯವಸ್ಥೆಯಲ್ಲಿ ಕ್ಷಯದ ಪರೀಕ್ಷೆ, ಔಷಧ ಎರಡೂ ಉಚಿತ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬಹುದು, ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಬಹುದು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಔಷಧ ತಪ್ಪಿಸದೆ ಪೂರ್ತಿ ಮಾಡಿದರೆ ಗುಣವಾಗುತ್ತದೆ. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಸಿಗುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ರೂಪಾಯಿ.

ಹೋಗುವ ಮುನ್ನ ಒಂದು ವಾರ ಸಣ್ಣ ಲೆಕ್ಕ ಬರೆದಿಡಿ. ಯಾವ ರಾತ್ರಿ ಬೆವರಿತು, ಬಟ್ಟೆ ಬದಲಿಸಬೇಕಾಯಿತೇ, ಸಂಜೆ ಜ್ವರ ಎಷ್ಟಿತ್ತು, ತೂಕ ಎಷ್ಟು, ಯಾವ ಮಾತ್ರೆ ನುಂಗುತ್ತಿದ್ದೀರಿ, ಏನು ಕೆಲಸ ಮಾಡುತ್ತೀರಿ. “ಉಷ್ಣ ಆಗೈತೆ” ಎನ್ನುವ ಬದಲು “ಮೂರು ವಾರದಿಂದ ರಾತ್ರಿ ಬಟ್ಟೆ ತೊಯ್ಯುತ್ತೆ, ನಾಲ್ಕು ಕಿಲೋ ಇಳಿದಿದ್ದೇನೆ” ಎಂದರೆ ವೈದ್ಯರಿಗೆ ದಾರಿ ಕಾಣುತ್ತದೆ. ಅಷ್ಟು ಹೇಳಿದ ಮೇಲೂ ಕೆಮ್ಮಿನ ಬಾಟಲಿಯಷ್ಟೇ ಸಿಕ್ಕರೆ, “ಕಫ ಪರೀಕ್ಷೆ ಮಾಡಿಸಬೇಕಾ ಡಾಕ್ಟ್ರೇ?” ಎಂದು ನೀವೇ ಕೇಳಿ.