ಅಪಸ್ವರ ಗೊತ್ತು, ಸ್ವರ ಗೊತ್ತಿಲ್ಲ!

ಸಭೆಯಲ್ಲಿ ಯಾರಾದರೂ ತಕರಾರು ತೆಗೆದರೆ 'ಅಪಸ್ವರ ಎತ್ತಿದ' ಅಂತೀವಿ. ಸಾಲ ತಗೊಂಡವನು ನೆಪ ಹೇಳತೊಡಗಿದರೆ 'ಶುರುವಾಯ್ತಪ್ಪ ಇವನ ರಾಗ' ಅಂತೀವಿ. ಲೆಕ್ಕಾಚಾರ ಕೆಟ್ಟರೆ 'ತಾಳ ತಪ್ಪಿತು' ಅಂತೀವಿ. ಅಂಗಡಿ ಕಟ್ಟೆಯಲ್ಲಿ, ಬಸ್ಸಿನಲ್ಲಿ ದಿನಾ ಸಂಗೀತದ ಮಾತೇ. ಆದರೆ ಸ್ವರ ಅಂದರೇನು, ತಾಳ ಅಂದರೇನು ಎಂದು ಮಗು ಕೇಳಿದರೆ ನಮ್ಮ ಬಾಯಿ ಬಂದ್!

ಶಾಲೆಯಲ್ಲಿ ಕಲಿಸಿದ್ದರೆ ತಾನೆ ಗೊತ್ತಿರೋದು? ದುಡ್ಡಿದ್ದವರ ಮಕ್ಕಳು ಸಂಜೆ ಪಾಠಕ್ಕೆ ಹೋಗುತ್ತಾರೆ. ಉಳಿದವರಿಗೆ ಶಾಲೆಯೇ ಗತಿ. ಅಲ್ಲಿ ಸಂಗೀತದ ಮೇಷ್ಟ್ರಿಲ್ಲದಿದ್ದರೆ ಕಥೆ ಮುಗಿಯಿತು.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ಕಂಡಕ್ಟರ್ 'ಹೋಲ್ಡಾನ್' ಅಂದರೆ ಬಸ್ಸು ನಿಲ್ಲುತ್ತದೆ, 'ರೈಟ್' ಅಂದರೆ ಹೊರಡುತ್ತದೆ. ಇದನ್ನು ಯಾರೂ ನಿಘಂಟು ನೋಡಿ ಕಲಿತಿಲ್ಲ. ಮಾತಿನ ಜೊತೆ ಕೆಲಸ ಸೇರಿದರೆ ಪದ ತಲೆಯಲ್ಲಿ ಕೂರುತ್ತದೆ. ಸಂಗೀತದ ಪದಗಳಿಗೂ ಇದೇ ದಾರಿ.

ಏಳು ಮಕ್ಕಳನ್ನು ಸಾಲಾಗಿ ನಿಲ್ಲಿಸಿ. ಷಡ್ಜ, ಋಷಭ, ಗಾಂಧಾರ, ಮಧ್ಯಮ, ಪಂಚಮ, ಧೈವತ, ನಿಷಾದ ಎಂದು ಬರೆದ ರಟ್ಟುಗಳನ್ನು ಒಬ್ಬೊಬ್ಬರ ಕೈಗೆ ಕೊಡಿ. 'ಆರೋಹಣ' ಎಂದರೆ ಷಡ್ಜದಿಂದ ಒಬ್ಬರಾದ ಮೇಲೊಬ್ಬರು ತಮ್ಮ ಸ್ವರ ಕೂಗಬೇಕು. 'ಅವರೋಹಣ' ಎಂದರೆ ನಿಷಾದದಿಂದ ಹಿಂದಕ್ಕೆ. ಕೆಳಗಿನ ಸ್ಥಾಯಿ 'ಮಂದ್ರ' ಎಂದರೆ ಕೂರಬೇಕು, 'ಮಧ್ಯ' ಎಂದರೆ ನಿಲ್ಲಬೇಕು, 'ತಾರ' ಎಂದರೆ ಕೈ ಮೇಲೆತ್ತಬೇಕು. ಉಳಿದ ಮಕ್ಕಳಿಗೆ ಆದಿತಾಳ: ಒಂದು ತಟ್ಟು, ಮೂರು ಬೆರಳೆಣಿಕೆ, ಆಮೇಲೆ ತಟ್ಟಿ ಕೈ ತಿರುಗಿಸುವುದು ಎರಡು ಸಲ. ಒಟ್ಟು 8 ಎಣಿಕೆ. 'ವಿಳಂಬ' ಎಂದರೆ ನಿಧಾನ, 'ದ್ರುತ' ಎಂದರೆ ಬೇಗ. ತಪ್ಪಿದವರು ಔಟ್. ಔಟಾದವರು ಸುಮ್ಮನೆ ಕೂರುವಂತಿಲ್ಲ, ತಾಳದ ಗುಂಪಿಗೆ ಸೇರಬೇಕು. ಹಾಡಲು ಬಾರದ ಕನ್ನಡ ಮೇಷ್ಟ್ರೂ ಈ ಆಟ ಆಡಿಸಬಹುದು.

ಸರಳೆ ವರಸೆಯಿಂದ ಶುರುಮಾಡಿ ಹಂತಹಂತವಾಗಿ ಪಾಠ ಜೋಡಿಸಿಕೊಟ್ಟವರು ಪುರಂದರದಾಸರು ಎಂದು ಸಂಗೀತಗಾರರು ಹೇಳುತ್ತ ಬಂದಿದ್ದಾರೆ. 16ನೇ ಶತಮಾನದಲ್ಲಿ ದಾಸರು ಕಷ್ಟದ ವಿದ್ಯೆಯನ್ನು ಮಕ್ಕಳ ಕೈಗೆ ಎಟುಕಿಸಿದರು. ನಾವು ಅದನ್ನು ಮತ್ತೆ ಅಟ್ಟಕ್ಕೇರಿಸಿ ಕೂತಿದ್ದೇವೆ.

ಒಂದು ಮಾತು ಮಾತ್ರ ಸ್ಪಷ್ಟವಿರಲಿ. ಆಟದಿಂದ ಪದ ಬರುತ್ತದೆ, ಗಾಯನ ಬರುವುದಿಲ್ಲ. ಶ್ರುತಿ ಸೇರಿದೆಯೋ ಇಲ್ಲವೋ ಎಂದು ಹೇಳಲು ಪಳಗಿದ ಕಿವಿಯ ಗುರು ಬೇಕೇಬೇಕು. 6ರಿಂದ 8ನೇ ತರಗತಿವರೆಗೆ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಕಡೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. 'ಆಟ ಇದೆಯಲ್ಲ' ಎಂದು ಸರಕಾರ ಕೈತೊಳೆದುಕೊಂಡರೆ ಅದಕ್ಕಿಂತ ದೊಡ್ಡ ಅಪಸ್ವರ ಬೇರಿಲ್ಲ.

ಬೋಧಕರು ಬರುವಾಗ ಬರಲಿ, ಆಟ ನಾಳೆಯೇ ಶುರುವಾಗಲಿ. ಅಂಗಡಿ ಮಾಲೀಕರೇ, ಸೋಪಿನ ಖಾಲಿ ರಟ್ಟಿನ ಡಬ್ಬಗಳನ್ನು ತೂಕಕ್ಕೆ ಹಾಕುವ ಮುಂಚೆ ಒಂದನ್ನು ಪಕ್ಕದ ಶಾಲೆಗೆ ಕೊಡಿ. ಕತ್ತರಿಸಿದರೆ ಏಳು ಸ್ವರಕ್ಕೂ ಸಾಕು.